ಬಾನೆಟ್ಟಿನೊಳಗಿನ ಮೂಲಪಾಠ

ಕಳೆದ ಫೆಬ್ರವರಿಯಲ್ಲಿ ಅಣ್ಣನ ಮಗ ಫೋನ್ ಮಾಡಿ, "ಅತ್ತೆ, ಜೀಪಿನ ಕೆಲಸ ಮುಗೀತು. ನೀವು ಬಂದು ನೋಡ್ಲೇಬೇಕು. ಹೇಗಿದೆ ಅಂತ ಹೇಳ್ಬೇಕು" ಎಂದ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳಿಗೆ "ಹೇಗಿದೆ ಅಂತ ಹೇಳಿ" ಎನ್ನುವುದು ಸ್ವಲ್ಪ ಅಪಾಯದ ಮಾತು. ಕವನ ಸಂಕಲನ ಕೈಗಿಟ್ಟು ಹಾಗೆ ಕೇಳಿದ ಕೆಲವರು ಈಗ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಆದರೂ ಹೋದೆ. ಅಪ್ಪ ಓಡಿಸುತ್ತಿದ್ದ ಜೀಪು ಅದು.

ಕಾಫಿ ಒಣಗಲು ಹಾಕಿದ್ದ ಕಣದ ಪಕ್ಕದಲ್ಲಿ ಜೀಪು ನಿಂತಿತ್ತು. ಹುಡುಗ ಎರಡೂ ಬದಿಯ ಕೊಂಡಿ ಬಿಚ್ಚಿ, ಬಾನೆಟ್ ಎತ್ತಿ, ಹಿಂದಕ್ಕೆ ಗಾಜಿನ ಚೌಕಟ್ಟಿಗೆ ಒರಗಿಸಿದ. ನೆರೆದಿದ್ದವರೆಲ್ಲ ಒಂದೇ ಉಸಿರಿನಲ್ಲಿ "ಅಬ್ಬಾ, ಹೊಸದರ ಹಾಗಿದೆ!" ಎಂದರು. ನಿಜಕ್ಕೂ ಹಾಗೇ ಇತ್ತು. ಜಿಡ್ಡಿಲ್ಲ, ತುಕ್ಕಿಲ್ಲ, ಜೋತುಬಿದ್ದ ವೈರಿಲ್ಲ. ಅಷ್ಟರಲ್ಲಿ ಎಂಬತ್ತಾರರ ಅಮ್ಮ ಕೋಲೂರಿಕೊಂಡು ಬಂದಳು. ಬಗ್ಗಿ ಒಳಗೆ ನೋಡಿದಳು. ಎಂಜಿನ್ನಿನ ಒಂದು ಬದಿಗೆ ಕೈ ಚಾಚಿ, "ಬಟ್ಟೆ ಎಲ್ಲೋ?" ಎಂದಳು.

"ಯಾವ ಬಟ್ಟೆ ಅಜ್ಜಿ?"

"ಪೆಟ್ರೋಲ್ ಪಂಪಿನ ಬಟ್ಟೆ."

"ಓ ಅದಾ? ಎಣ್ಣೆ ಕುಡಿದು ಕರ್ರಗಾಗಿತ್ತು. ಸುಟ್ಟು ಹಾಕ್ದೆ."

ಅಮ್ಮ ಮತ್ತೇನೂ ಅನ್ನಲಿಲ್ಲ. ತಿರುಗಿ ಜಗಲಿಗೆ ಹೋಗಿ ಕೂತಳು. ಎಲ್ಲರೂ ಕಾಫಿಗೆ ಎದ್ದ ಮೇಲೂ ನಾನು ಆ ತೆರೆದ ಬಾನೆಟ್ಟಿನ ಮುಂದೆ ನಿಂತೇ ಇದ್ದೆ. ಇಷ್ಟು ಚೆನ್ನಾಗಿರುವ ಕೆಲಸ ನನಗೆ ಯಾಕೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ವಿಮರ್ಶೆ ಬರೆಯುತ್ತಿದ್ದೇನೆ.

ಎಂಜಿನ್ನನ್ನು ವಿಮರ್ಶಿಸಲು ನೀನ್ಯಾರು ಎಂದು ನೀವು ಕೇಳಬಹುದು. ನಮ್ಮ ಕಾಲದ ಹೆಣ್ಣುಮಕ್ಕಳು ಜೀಪು ಓಡಿಸಿದ್ದು ಕಡಿಮೆ, ಟಾರ್ಚು ಹಿಡಿದದ್ದು ಜಾಸ್ತಿ. ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿದಾಗಲೆಲ್ಲ ಬೆಳಕು ಹಿಡಿದವಳು, ಸ್ಪ್ಯಾನರ್ ಎತ್ತಿ ಕೊಟ್ಟವಳು, ಉರುಳಿಹೋದ ನಟ್ಟನ್ನು ಹುಲ್ಲಿನಲ್ಲಿ ಹುಡುಕಿದವಳು ನಾನು. ಟಾರ್ಚು ಹಿಡಿದವರಿಗೆ ಕೆಲಸ ಮಾಡಿದವರಿಗಿಂತ ಚೆನ್ನಾಗಿ ಕಾಣುತ್ತದೆ. ಕೈಗೆ ಕೆಲಸವಿಲ್ಲವಲ್ಲ, ಕಣ್ಣಿಗೆ ಮಾತ್ರ.

ಮೊದಲು ಈ ಜೀಪಿನ ಕುಲಗೋತ್ರ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕೆಂದು ಕಟ್ಟಿದ ಜೀಪಿನಲ್ಲಿ 2,199 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಅದರ ಕವಾಟಗಳೆಲ್ಲ ಬದಿಯಲ್ಲಿ, ಬ್ಲಾಕಿನೊಳಗೆ. ಆದ್ದರಿಂದ ಎಂಜಿನ್ ಗಿಡ್ಡ, ಬಾನೆಟ್ಟೂ ತಗ್ಗು. ಅಷ್ಟೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬೇಕೆಂದು ಆಮೇಲೆ ಗಾಳಿ, ಪೆಟ್ರೋಲು ಒಳಬರುವ ಕವಾಟವನ್ನು ತಲೆಯ ಮೇಲಕ್ಕೆ ತಂದರು. ಹೊಗೆ ಹೊರಹೋಗುವ ಕವಾಟವನ್ನು ಬದಿಯಲ್ಲೇ ಬಿಟ್ಟರು. ಎಂಜಿನ್ ಎತ್ತರವಾಯಿತು, ಹಳೆಯ ಬಾನೆಟ್ ಮುಚ್ಚದಾಯಿತು. ಹಾಗಾಗಿ 1953ರಲ್ಲಿ ಬಂದ ಸಿ.ಜೆ.-3ಬಿ ಎಂಬ ಮಾದರಿಗೆ ಬಾನೆಟ್ಟನ್ನೇ ಎತ್ತರಿಸಿದರು. ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಣುವ ಆ ಹಣೆ ಎತ್ತಿದ ಜೀಪುಗಳ ಮುಖಚಹರೆ ಬಂದದ್ದು ಹೀಗೆ. ಚೆಂದಕ್ಕೆ ಮಾಡಿದ್ದಲ್ಲ, ಒಳಗಿನ ಅಗತ್ಯಕ್ಕೆ ಹೊರಗಿನ ರೂಪ ಬಾಗಿದ್ದು.

ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿತು. ಕ್ರಮೇಣ ಭಾಗಗಳನ್ನೂ ಇಲ್ಲೇ ಮಾಡಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ 3ಬಿ ಮಾದರಿ ನಮ್ಮಲ್ಲಿ ಅದಾದ ಮೇಲೂ ಬಹುಕಾಲ ತಯಾರಾಯಿತು. ನಮ್ಮ ಜೀಪು 1966ರದು. 1972ರಲ್ಲಿ ಅಪ್ಪ ಅದನ್ನು ಎರಡನೇ ಕೈಯಿಂದ ಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವ ಮೊದಲಿನ, ಎಂ.ವೈ. ಎಂದು ಶುರುವಾಗುವ ನಂಬರು. ಸ್ಟೀರಿಂಗ್ ಎಡಗಡೆ. ಹಿಂಬದಿಯಲ್ಲಿ ಅದನ್ನು ಎಚ್ಚರಿಸುವ ಇಂಗ್ಲಿಷ್ ಬರಹ.

ಇನ್ನು ಹುಡುಗನ ಕೆಲಸಕ್ಕೆ ಬರುತ್ತೇನೆ. ಮೊದಲು ಮೆಚ್ಚಿದ್ದನ್ನು ಹೇಳಬೇಕು, ಅದೇ ಹೆಚ್ಚು.

ಅವನು ಒಂದು ನಟ್ಟು ಬಿಚ್ಚುವ ಮುಂಚೆ ನೂರಾರು ಫೋಟೋ ತೆಗೆದಿದ್ದಾನೆ. ಬಿಚ್ಚಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟಿದ್ದಾನೆ. ಬಣ್ಣದ ವಿಷಯದಲ್ಲಂತೂ ಪಂಡಿತನ ತಾಳ್ಮೆ. ಹೊರಗೆ ಕಾಣುತ್ತಿದ್ದದ್ದು ನೀಲಿ. ಅದರ ಕೆಳಗೆ ಬೂದಿ. ಯಾವುದು ಮೊದಲಿನದು? ಎಂಜಿನ್ನಿಗೂ ಡ್ರೈವರಿಗೂ ನಡುವಿನ ತಗಡಿನ ಗೋಡೆಗೆ ಹೊಡೆದಿದ್ದ ಕಂಪನಿಯ ಫಲಕವನ್ನು ಮೆಲ್ಲಗೆ ಎಬ್ಬಿಸಿ, ಐವತ್ತು ವರ್ಷ ಬಿಸಿಲು ಕಾಣದ ಆ ಅಂಗೈಯಗಲ ಜಾಗದಲ್ಲಿ ಹಸಿರನ್ನು ಕಂಡುಕೊಂಡ. ಆ ಹಸಿರನ್ನು ನೋಡಿಯೇ ಬಣ್ಣ ಕಲಸಿಸಿದ. ತಾಳೆಗರಿಯ ಹುಳ ತಿಂದ ಅಂಚಿನಲ್ಲಿ ಅಕ್ಷರ ಓದುವವರು ಮಾಡುವ ಕೆಲಸವೇ ಇದು. ಬ್ಲಾಕಿನ ಮೇಲೆ, ವಾಟರ್ ಪಂಪಿನ ಹಿಂದೆ ಒತ್ತಿರುವ ಎಂಜಿನ್ ನಂಬರನ್ನು ಉಜ್ಜಿ ಹಾಳುಮಾಡದೆ ಕುಂಚದಿಂದ ಶುಚಿ ಮಾಡಿದ್ದಾನೆ. ಬ್ಯಾಟರಿಯ ಆಸಿಡ್ ಕುಡಿದು ಜರಡಿಯಾಗಿದ್ದ ತಟ್ಟೆಯನ್ನು ಪೂರ್ತಿ ಎಸೆಯದೆ, ಗಟ್ಟಿ ಉಳಿದ ಭಾಗಕ್ಕೆ ಹೊಸ ತಗಡು ಬೆಸೆಸಿದ್ದಾನೆ.

ಗಾಳಿ ಸೋಸುವ ಡಬ್ಬಿಯನ್ನು ಹಳೆಯ ಪದ್ಧತಿಯಲ್ಲೇ ಉಳಿಸಿಕೊಂಡಿರುವುದು ನನಗೆ ಬಹಳ ಹಿಡಿಸಿತು. ಅದರ ತಳದಲ್ಲಿ ಎಣ್ಣೆಯ ಬಟ್ಟಲು. ಒಳಬರುವ ಗಾಳಿ ಎಣ್ಣೆಯ ಮೇಲೆ ಸುಳಿದು ತಿರುಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಅಪ್ಪ ಬೇಸಿಗೆಯಲ್ಲಿ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕವುಚಿ ಹಾಕುತ್ತಿದ್ದರು. ತಳದಲ್ಲಿ ಕೂತ ಕೆಸರು ನೋಡಿ ಅಮ್ಮ, "ಇಷ್ಟೂ ನಮ್ಮ ತೋಟದ ಮಣ್ಣಾ?" ಎಂದು ಕೇಳಿದ್ದು ನೆನಪಿದೆ. ಕಾಗದದ ಫಿಲ್ಟರ್ ಹಾಕುವುದು ಸುಲಭವಿತ್ತು. ಅವನು ಹಾಕಿಲ್ಲ.

ಎಲ್ಲಿ ಮೂಲವನ್ನು ಬಿಡಬೇಕೋ ಅಲ್ಲಿ ಬಿಟ್ಟಿದ್ದಾನೆ ಕೂಡ. ಈಗಿನ ಪೆಟ್ರೋಲು ಆಗಿನ ಪೆಟ್ರೋಲಲ್ಲ. 2000ದಲ್ಲಿ ಸೀಸ ಬೆರೆಸುವುದು ನಿಂತಿತು. 2023ರಿಂದ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂತು. ಹಳೆಯ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಮೆತ್ತಗಾಗಿ, ಬಿರಿದು, ಸೋರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಆದ್ದರಿಂದ ಪಂಪಿನೊಳಗಿನ ಪೊರೆ, ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಈ ಕಾಲಕ್ಕೆ ತಕ್ಕಂಥವನ್ನೇ ಹಾಕಿದ್ದಾನೆ. ಅವನದೇ ಮಾತಿನಲ್ಲಿ ಈ ಕೆಲಸ "ಬಹುಮಟ್ಟಿಗೆ ಮೂಲದ ಹಾಗೆ". ಆ "ಬಹುಮಟ್ಟಿಗೆ" ಎಂಬ ಮಾತಿನಲ್ಲಿ ಪ್ರಾಮಾಣಿಕತೆಯಿದೆ. ನನ್ನ ತಕರಾರು ಇರುವುದೂ ಅದೇ ಮಾತಿನ ಅಳತೆಯ ಬಗ್ಗೆ.

ಮೊದಲ ಸಣ್ಣ ತಪ್ಪು ಹೊಳಪು. ಎಂಜಿನ್ನಿನ ಮೇಲೆ ಕನ್ನಡಿಯಂಥ ಬಣ್ಣ, ಅದರ ಮೇಲೆ ಇನ್ನೊಂದು ಪಾರದರ್ಶಕ ಲೇಪ. ಈ ಜೀಪು ಕಾರ್ಖಾನೆಯಿಂದ ಬಂದ ದಿನವೂ ಇಷ್ಟು ಮಿಂಚಿರಲಾರದು. ದುಡಿಯುವ ಗಾಡಿಗೆ ಅಷ್ಟು ಅಲಂಕಾರ ಯಾರೂ ಮಾಡುವುದಿಲ್ಲ. ಹಳೆಯ ಕಾರುಗಳ ಸ್ಪರ್ಧೆ ನಡೆಸುವ ದೇಶಗಳಲ್ಲಿ ಇಂಥ ಅತಿಶುಶ್ರೂಷೆಯನ್ನು ದೋಷವೆಂದೇ ಎಣಿಸುವವರಿದ್ದಾರೆ. ನಮ್ಮಲ್ಲೂ ದೇವಸ್ಥಾನದ ಕಲ್ಲಿನ ವಿಗ್ರಹಗಳಿಗೆ ಎನಾಮಲ್ ಬಣ್ಣ ಬಳಿದು "ಜೀರ್ಣೋದ್ಧಾರ" ಎಂದು ಬೋರ್ಡು ಹಾಕಿದ್ದನ್ನು ನೀವೂ ನೋಡಿದ್ದೀರಿ. ಭಕ್ತಿಗೆ ಕೊರತೆಯಿಲ್ಲ, ಕಲ್ಲು ಮಾತ್ರ ಕಾಣೆ.

ದೊಡ್ಡ ತಪ್ಪು ಬೇರೆ. 1966ಕ್ಕೂ ಇವತ್ತಿಗೂ ನಡುವೆ ಈ ಬಾನೆಟ್ಟಿನ ಅಡಿಯಲ್ಲಿ ಏನೇನು ನಡೆಯಿತೋ ಅದನ್ನೆಲ್ಲ ಅವನು ಒಂದೇ ಹೆಸರಿನಿಂದ ಕರೆದು ತೆಗೆದುಹಾಕಿದ್ದಾನೆ: "ಜುಗಾಡು". ತಗಡಿನ ಗೋಡೆಯಲ್ಲಿ ಅಪ್ಪ ಕೊರೆಸಿದ್ದ ತೂತುಗಳನ್ನು ಮುಚ್ಚಿಸಿ, ಉಜ್ಜಿ, ಬಣ್ಣ ಹೊಡೆದಿದ್ದಾನೆ. ರೇಡಿಯೇಟರ್ ಉಕ್ಕಿದ ನೀರು ಹಿಡಿಯಲು ಕಟ್ಟಿದ್ದ ಪ್ಲಾಸ್ಟಿಕ್ ಬಾಟಲಿ ಹೋಯಿತು. ಅಪ್ಪನ ಕಾಲದಲ್ಲಿ ಗ್ಯಾರೇಜಿನ ಸಾಬರು ಕೂರಿಸಿದ್ದ ಆಲ್ಟರ್ನೇಟರ್ ತೆಗೆದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಗುಜರಿಗಳಲ್ಲೂ ಎರಡು ತಿಂಗಳು ಅಲೆದು ತಂದ ಹಳೆಯ ಡೈನಮೋ ಹಾಕಿದ್ದಾನೆ. ಅಮ್ಮನ ಬಟ್ಟೆ ಬೂದಿಯಾಯಿತು.

ಆ ಬಟ್ಟೆಯ ಕಥೆ ಹೇಳಬೇಕು. ಈ ಎಂಜಿನ್ನಿನಲ್ಲಿ ಸುಡುವ ಹೊಗೆ ಹೊರಹೋಗುವ ಕೊಳವೆ ಇರುವ ಬದಿಯಲ್ಲೇ ಪೆಟ್ರೋಲ್ ಪಂಪೂ ಇದೆ. ಏಪ್ರಿಲ್ ಬಿಸಿಲಿನಲ್ಲಿ ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ, ಜೀಪು ತುಂಬ ಮಂದಿ, ಎರಡನೇ ಗೇರು. ಆ ಕಾವಿಗೆ ಪಂಪಿನಲ್ಲೂ ಪೈಪಿನಲ್ಲೂ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ದ್ರವವನ್ನು ಎಳೆಯಬೇಕಾದ ಪಂಪು ಬರಿಯ ಆವಿಯನ್ನು ಹಿಂಡುತ್ತದೆ, ಕಾರ್ಬುರೇಟರಿಗೆ ಪೆಟ್ರೋಲ್ ತಲುಪುವುದಿಲ್ಲ. ಎಂಜಿನ್ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ತಿರುವಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಅಪ್ಪ ಬಾನೆಟ್ ಎತ್ತುತ್ತಿದ್ದರು. ಅಮ್ಮ ಹಳೆಯ ನೂಲಿನ ಸೀರೆಯ ತುಂಡನ್ನು ಹೂಜಿಯ ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಸುತ್ತುತ್ತಿದ್ದಳು. ಹತ್ತು ನಿಮಿಷ. ಪಂಪು ತಣ್ಣಗಾಗಿ ಜೀಪು ಮತ್ತೆ ಎದ್ದೇಳುತ್ತಿತ್ತು. ಪ್ರತಿ ಸಲ ಹುಡುಕುವುದೇಕೆಂದು ಆ ತುಂಡು ಅಲ್ಲೇ ಪಂಪಿಗೆ ಕಟ್ಟಿಕೊಂಡು ಉಳಿಯಿತು. ಹರಿದಾಗ ಇನ್ನೊಂದು ಸೀರೆಯ ತುಂಡು. ಆ ಎಂಜಿನ್ನಿನಲ್ಲಿ ಅಮ್ಮನ ಕೈ ತಾಗಿದ್ದ ಒಂದೇ ಜಾಗ ಅದು.

ಆಲ್ಟರ್ನೇಟರಿನ ಕಥೆ ಇನ್ನೂ ಮುಖ್ಯ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಬೇಕಾದಷ್ಟು ಕರೆಂಟ್ ಕೊಡುವುದಿಲ್ಲ. ಕೆಸರಿನ ದಾರಿಯಲ್ಲಿ ತೆವಳುತ್ತಾ ಹೋಗುವಾಗ ದೀಪ ಹೊತ್ತಿಸಿದರೆ ಬ್ಯಾಟರಿ ಕರಗುತ್ತಾ ಹೋಗುತ್ತದೆ. 1991ರ ಜುಲೈ ತಿಂಗಳ ಒಂದು ರಾತ್ರಿ ಅತ್ತಿಗೆಗೆ ನೋವು ಶುರುವಾಯಿತು. ಮೂಡಿಗೆರೆಗೆ ಹೊರಟ ಜೀಪಿನ ದೀಪ ಅರ್ಧ ದಾರಿಯಲ್ಲಿ ಮಿಣುಕು ಹುಳವಾಯಿತು. ಅಣ್ಣ ಕಂಬಳಿ ಹೊದ್ದು ಟಾರ್ಚು ಹಿಡಿದು ಮುಂದೆ ಮುಂದೆ ನಡೆದ. ಅಪ್ಪ ಅವನ ಬೆನ್ನು ನೋಡಿಕೊಂಡು ಜೀಪು ಬಿಟ್ಟರು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಅತ್ತಿಗೆಯ ತಲೆ. ಬೆಳಗಿನ ಜಾವ ಮಗು ಹುಟ್ಟಿತು, ಇಬ್ಬರೂ ಕ್ಷೇಮ. ಮುಂದಿನ ವಾರವೇ ಅಪ್ಪ ಸಾಬರ ಗ್ಯಾರೇಜಿಗೆ ಹೋಗಿ, "ಇದಕ್ಕೆ ಏನಾದ್ರೂ ಮಾಡಿ" ಎಂದರು. ಸಾಬರು ಗುಜರಿಯಾದ ಕಾರಿನ ಆಲ್ಟರ್ನೇಟರ್ ತಂದು, ಕಬ್ಬಿಣದ ಪಟ್ಟಿ ಕತ್ತರಿಸಿ, ಬಗ್ಗಿಸಿ, ಅದಕ್ಕೊಂದು ಕೂರುವ ಜಾಗ ಮಾಡಿದರು.

ಅಂದು ಹುಟ್ಟಿದ ಮಗುವೇ ಈಗ ಅದನ್ನು ಬಿಚ್ಚಿಹಾಕಿದ್ದಾನೆ. ಅವನಿಗೆ ಈ ಕಥೆ ಗೊತ್ತಿರಲಿಲ್ಲ. ತಪ್ಪು ಅವನದಷ್ಟೇ ಅಲ್ಲ, ಹೇಳದೆ ಉಳಿದ ನಮ್ಮದೂ ಹೌದು.

ವಡ್ಡಾರಾಧನೆಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರು "ಕನ್ನಡ ಗ್ರಂಥಸಂಪಾದನೆ" ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಎಂ.ಎ. ತರಗತಿಯಲ್ಲಿ ನಾವೆಲ್ಲ ಹೆದರಿ ಹೆದರಿ ಓದಿದ ವಿಷಯ ಅದು. ಹಳೆಯ ಕಾವ್ಯವೊಂದರ ಹಲವು ಪ್ರತಿಗಳನ್ನು ಹೋಲಿಸಿ ಕವಿಯ ಮೂಲಪಾಠದ ಹತ್ತಿರಕ್ಕೆ ಹೋಗುವ ಶಾಸ್ತ್ರ. ಲಿಪಿಕಾರ ನಿದ್ದೆಗಣ್ಣಿನಲ್ಲಿ ಮಾಡಿದ ತಪ್ಪನ್ನು ತೆಗೆಯಲೇಬೇಕು. ಆದರೆ ಒಳ್ಳೆಯ ಸಂಪಾದಕ ತಾನು ಒಪ್ಪದ ಪಾಠಾಂತರವನ್ನು ಒಲೆಗೆ ಹಾಕುವುದಿಲ್ಲ, ಪುಟದ ಅಡಿಯಲ್ಲಿ ಕೊಡುತ್ತಾನೆ. ನಾಳೆ ಬರುವವರು ತಾವೇ ತೂಗಿನೋಡಲಿ ಎಂದು.

ಕಟ್ಟಡಗಳ ವಿಷಯದಲ್ಲೂ ಇದೇ ವಿವೇಕವಿದೆ. ಪ್ರಾಚೀನ ಸ್ಮಾರಕಗಳನ್ನು ಕಾಯುವವರು 1964ರಲ್ಲಿ ಇಟಲಿಯ ವೆನಿಸ್ಸಿನಲ್ಲಿ ಸೇರಿ ಒಂದು ಸನ್ನದು ಮಾಡಿಕೊಂಡರು. ಎಲ್ಲಿ ಊಹೆ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಎಲ್ಲ ಕಾಲದವರು ಸೇರಿಸಿದ ಯೋಗ್ಯ ಕೆಲಸವನ್ನೂ ಗೌರವಿಸಬೇಕು ಎಂಬುದು ಅದರ ಸಾರ. ಹೊಯ್ಸಳರ ಗುಡಿಗೆ ವಿಜಯನಗರದವರು ಸೇರಿಸಿದ ಮಂಟಪವನ್ನು ಯಾರೂ ಕೆಡವುವುದಿಲ್ಲ. ಜೀಪಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಅದೂ ಅಲ್ಲದೆ, ಈ ಜೀಪಿನ ಮೂಲ ಯಾವುದು? ಅಮೆರಿಕದ ನಕ್ಷೆ, ಮುಂಬಯಿಯ ಜೋಡಣೆ, ರಸ್ತೆಯ ಎಡಕ್ಕೆ ಹೋಗುವ ದೇಶದಲ್ಲಿ ಎಡಗಡೆಯೇ ಸ್ಟೀರಿಂಗ್. ನಮ್ಮ ಮೂಲವೇ ಒಂದು ಅನುವಾದ, ಅದೂ ಅವಸರದ್ದು. ಅದನ್ನು ನಮ್ಮ ಮಳೆಗೆ, ನಮ್ಮ ಏರಿಗೆ, ನಮ್ಮ ಬಾಣಂತಿಯರಿಗೆ ಒಗ್ಗಿಸಿದವರು ಅಪ್ಪ, ಅಮ್ಮ, ಸಾಬರು.

ಇಷ್ಟನ್ನೂ ಮಧ್ಯಾಹ್ನದ ಊಟವಾದ ಮೇಲೆ ಹುಡುಗನಿಗೆ ಹೇಳಿದೆ. ಅವನು ಸುಮ್ಮನೆ ತಲೆಯಾಡಿಸುವವನಲ್ಲ.

"ಅತ್ತೆ, ನೀವು ಹೇಳೋದು ಸರಿ. ಆದ್ರೆ ಆ ಬಟ್ಟೆ ಪೆಟ್ರೋಲ್ ಕುಡಿದು ಒಣಗಿತ್ತು. ಪಕ್ಕದಲ್ಲೇ ಕೆಂಡದಂಥ ಕಬ್ಬಿಣ. ಒಂದು ಕಿಡಿ ಸಾಕು. ಅಜ್ಜಿ ಸೀರೆ ಅಂತ ಬಿಡ್ಬೇಕಿತ್ತಾ?"

ನನ್ನ ಬಳಿ ಉತ್ತರವಿರಲಿಲ್ಲ. ಹಳೆಯದೆಲ್ಲ ಪವಿತ್ರವಲ್ಲ. ಅವನು ತೆಗೆದ ಹಳೆಯ ವೈರಿಂಗಿನಲ್ಲಿ ಮೂರು ಕಡೆ ತಾಮ್ರ ಬತ್ತಲಾಗಿತ್ತು, ಅದರ ಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಸುತ್ತಿತ್ತು. ಅದು ನಮ್ಮ ಅಲಕ್ಷ್ಯ, ಒಗ್ಗಿಸಿಕೊಂಡದ್ದಲ್ಲ. ತೇಪೆಗೂ ತಿದ್ದುಪಡಿಗೂ ವ್ಯತ್ಯಾಸವಿದೆ. ತೇಪೆ ದಿನ ದೂಡಲು ಹಾಕಿದ್ದು. ತಿದ್ದುಪಡಿ ಒಂದು ಕಷ್ಟ ಕಂಡು, ಯೋಚಿಸಿ ಮಾಡಿದ್ದು. ಬಟ್ಟೆ ಮೊದಲು ತಿದ್ದುಪಡಿಯಾಗಿತ್ತು, ಜೀಪು ಓಡದೆ ಕೊಟ್ಟಿಗೆಯಲ್ಲಿ ನಿಂತ ವರ್ಷಗಳಲ್ಲಿ ತೇಪೆಯಾಗಿ ಉಳಿದಿತ್ತು. ತೆಗೆದದ್ದು ಸರಿ. ಕೇಳದೆ ಸುಟ್ಟದ್ದು ಸರಿಯಲ್ಲ.

"ಸರಿ, ಆಲ್ಟರ್ನೇಟರ್?" ಎಂದೆ.

ಅವನು ತನ್ನ ನಿಜವಾದ ಕಾರಣವನ್ನು ಆಗ ಹೇಳಿದ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಛಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. "ಪರೀಕ್ಷೆ ಮಾಡೋರು ಬಾನೆಟ್ ಎತ್ತಿದ ಕೂಡ್ಲೆ ಆಲ್ಟರ್ನೇಟರ್ ಕಂಡ್ರೆ?" ಎಂಬುದು ಅವನ ಅಳುಕು.

"ಆಮೇಲೆ ಅದನ್ನ ದಿನಾ ಓಡಿಸ್ಬಹುದಾ?"

"ಇಲ್ಲ ಅತ್ತೆ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕ್ಸೋದು, ಅಂಥದ್ದಕ್ಕೆ ಮಾತ್ರ."

"ಹಾಗಾದ್ರೆ ಅಜ್ಜಿನ ಕೂರಿಸ್ಕೊಂಡು ಸಂತೆಗೆ ಹೋಗೋ ಹಾಗಿಲ್ಲ ಅನ್ನು ಮಾರಾಯ."

ಅವನು ಉತ್ತರಿಸಲಿಲ್ಲ. ಆ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಎಷ್ಟೋ ಹಳೆಯ ಗಾಡಿಗಳು ಗುಜರಿಗೆ ಹೋಗದಂತೆ ಅದು ಕಾಪಾಡುತ್ತದೆ. ಆದರೆ ಅಲ್ಲೊಂದು ಆಯ್ಕೆಯಿದೆ: ಕಾರ್ಖಾನೆ ಬಿಟ್ಟ ದಿನದಂತೆ ಇರುವ, ಓಡದ ಜೀಪು ಬೇಕೆ, ಇಲ್ಲಿ ಬಾಳಿದ ಗುರುತುಗಳಿರುವ, ಓಡುವ ಜೀಪು ಬೇಕೆ? ಆಯ್ಕೆ ಮಾಡಬೇಕಾದವನು ಅವನು. ಆಯ್ಕೆಯಿದೆ ಎಂದು ತಿಳಿದು ಮಾಡಲಿ ಎಂಬುದಷ್ಟೇ ನನ್ನ ಆಸೆ.

ಮೇಷ್ಟ್ರ ಚಾಳಿ, ಅಂಕ ಕೊಡದೆ ಏಳಲಾಗುವುದಿಲ್ಲ. ಸಂಶೋಧನೆಗೆ, ತಾಳ್ಮೆಗೆ, ಬಣ್ಣಕ್ಕೆ, ಸುರಕ್ಷತೆಗೆ ಪೂರ್ತಿ ಅಂಕ. ಹೊಳಪಿಗೆ ಐದು ಕಡಿತ. ಅಡಿಟಿಪ್ಪಣಿ ಇಲ್ಲದ್ದಕ್ಕೆ ಇಪ್ಪತ್ತು ಕಡಿತ. ನೂರಕ್ಕೆ ಎಪ್ಪತ್ತೈದು. ನನ್ನ ವಿದ್ಯಾರ್ಥಿಗಳನ್ನು ಕೇಳಿ, ನಾನು ಅಷ್ಟು ಸುಲಭವಾಗಿ ಕೊಡುವವಳಲ್ಲ. ಅಡಿಟಿಪ್ಪಣಿ ಈಗಲೂ ಬರೆಯಬಹುದು, ಅಂಕ ಹೆಚ್ಚಿಸುತ್ತೇನೆ ಎಂದೆ.

ಸಂಜೆ ಜಗಲಿಯಲ್ಲಿ ಅವನು ನೂರು ಪುಟದ ನೋಟ್‌ಬುಕ್ ಹಿಡಿದು ಅಜ್ಜಿಯ ಮುಂದೆ ಕೂತ. ತೆಗೆದ ಒಂದೊಂದರ ಫೋಟೋ ತೋರಿಸುತ್ತಾ ಹೋದ. ತಗಡಿನ ಗೋಡೆಯ ಎರಡು ತೂತು ಯಾಕೆ? "ನಿನ್ನಜ್ಜ ರಾತ್ರಿ ರಿಪೇರಿಗೆ ಅಂತ ಅಲ್ಲೊಂದು ಬಲ್ಬು ಹಾಕ್ಸಿದ್ರು. ಇವಳಿಗೆ ಮದ್ವೆಯಾಗಿ ಹೋದ್ಮೇಲೆ ಟಾರ್ಚು ಹಿಡಿಯೋರು ಯಾರು?" ನನಗೇ ಗೊತ್ತಿರಲಿಲ್ಲ. ಆಲ್ಟರ್ನೇಟರಿನ ಪುಟಕ್ಕೆ ಬಂದಾಗ ಅಮ್ಮ ಆ ಜುಲೈ ರಾತ್ರಿಯನ್ನು ಮೊದಲಿಂದ ಹೇಳಿದಳು. ಅವನು ಬರೆಯುವುದನ್ನು ನಿಲ್ಲಿಸಿ ಕೇಳಿದ. ಕೊನೆಗೆ ಬಟ್ಟೆ. "ಬರ್ಕೋ, ಬಿಳಿ ನೂಲಿಂದು, ನೀಲಿ ಅಂಚು. ಮೊದಲ್ನೇದು ಅದು. ಆಮೇಲೆ ಹಸಿರು ಚೌಕಳಿ."

ಮೊನ್ನೆ ಫೋನ್ ಮಾಡಿದ್ದ. ಸಾಬರು ಬಗ್ಗಿಸಿದ ಕಬ್ಬಿಣದ ಪಟ್ಟಿ ಕೊಟ್ಟಿಗೆಯ ಚೀಲದಲ್ಲಿ ಸಿಕ್ಕಿತಂತೆ. ಆಲ್ಟರ್ನೇಟರೂ ಇದೆಯಂತೆ, ಬೇರಿಂಗ್ ಹಾಕಿಸಬೇಕಂತೆ. ವಿಂಟೇಜ್ ಅರ್ಜಿಯನ್ನು ಇನ್ನೂ ತುಂಬಿಲ್ಲ.

"ಏನು ಮಾಡ್ಬೇಕು ಅಂತಿದ್ದೀಯೋ?" ಎಂದೆ.

"ಮಳೆ ಹಿಡಿಯೋಕೆ ಇನ್ನೂ ಟೈಮಿದೆ ಅತ್ತೆ," ಎಂದ. "ಡೈನಮೋದಲ್ಲೇ ಒಂದು ಸಲ ರಾತ್ರಿ ಮೂಡಿಗೆರೆಗೆ ಹೋಗಿ ಬರ್ತೀನಿ. ಅಪ್ಪ ನಡೆದ ದಾರಿ ಹೇಗಿತ್ತು ಅಂತ ನೋಡಿ, ಆಮೇಲೆ ತೀರ್ಮಾನ ಮಾಡ್ತೀನಿ."